ಗೇಟ್ ಪಾಸಿನ ಕೊನೆಯ ಕಾಲಂ

2020ರ ಮಾರ್ಚ್ 13, ಶುಕ್ರವಾರ ಸಂಜೆ. ವೈಟ್‌ಫೀಲ್ಡಿನ ನಮ್ಮ ಆಫೀಸಿನ ಗೇಟಿನಲ್ಲಿ ಜಾತ್ರೆ ಮುಗಿಸಿ ಹೊರಟವರ ಹಾಗೆ ಜನ. ಒಬ್ಬ ಹುಡುಗ ಆಕ್ಟಿವಾದಲ್ಲಿ ಕಾಲಿಡುವ ಜಾಗಕ್ಕೆ ಸಿಪಿಯು ಇಳಿಸಿ ಎರಡೂ ಕಾಲಿನಿಂದ ಅದುಮಿ ಹಿಡಿದಿದ್ದ. ಹಿಂದೆ ಕೂತಿದ್ದ ಗೆಳೆಯ ಮಾನಿಟರಿಗೆ ಜರ್ಕಿನ್ ಸುತ್ತಿ ಕೂಸಿನ ಹಾಗೆ ತಬ್ಬಿಕೊಂಡಿದ್ದ. ನನ್ನ ಕೈಯಲ್ಲೂ ಒಂದು ಸಿಪಿಯು. ಸಂಬಳದ ಪಟ್ಟಿ ಮಾಡುವವರಿಗೆ ಆಗಿನ್ನೂ ಲ್ಯಾಪ್‌ಟಾಪ್ ಕೊಟ್ಟಿರಲಿಲ್ಲ.

ಸಾಮಾನು ಹೊರಗೆ ಒಯ್ಯುವ ಗೇಟ್ ಪಾಸಿನಲ್ಲಿ ಕೊನೆಗೊಂದು ಕಾಲಂ ಇರುತ್ತದೆ: ವಾಪಸ್ ತರುವ ದಿನಾಂಕ. ನಾನು ಬಿಟ್ಟು ಸಹಿ ಮಾಡಿದ್ದೆ. ಸೆಕ್ಯುರಿಟಿಯವರು ಪೆನ್ನು ಚಾಚಿ, "ಇದು ಖಾಲಿ ಬಿಡೋ ಹಾಗಿಲ್ಲ ಮೇಡಂ" ಅಂದರು. ಅವತ್ತೇ ಮುಖ್ಯಮಂತ್ರಿ ಯಡಿಯೂರಪ್ಪನವರು ಮಾಲು, ಸಿನಿಮಾ, ಅದ್ಧೂರಿ ಮದುವೆ ಎಲ್ಲ ಒಂದು ವಾರ ಬಂದ್ ಎಂದು ಹೇಳಿದ್ದರು. ನಾನು ಲೆಕ್ಕ ಹಾಕಿ, ಒಂದೆರಡು ದಿನ ಧಾರಾಳವಾಗಿಯೇ ಸೇರಿಸಿ, 23-3-2020 ಅಂತ ಬರೆದೆ. ಆ ಸಿಪಿಯು ಮತ್ತೆ ಅದೇ ಗೇಟು ದಾಟಿದ್ದು 2022ರ ಏಪ್ರಿಲ್‌ನಲ್ಲಿ.

ಆ ಎರಡು ವರ್ಷದ ಬಗ್ಗೆ ಈಗ ಕಾಫಿ ಮೆಷಿನ್ ಹತ್ತಿರ, ಮೆಟ್ರೋದಲ್ಲಿ, ನೆಂಟರ ಮದುವೆಯಲ್ಲಿ ಕೇಳುವ ಕತೆಗಳು ಒಂದು ಹದಕ್ಕೆ ಬಂದುಬಿಟ್ಟಿವೆ. ಪಿಎಫ್, ಇಎಸ್‌ಐ, ಸಂಬಳ ಕಡಿತ, ರಾಜೀನಾಮೆ ಎಲ್ಲ ನನ್ನ ಕೈ ಮೂಲಕವೇ ಹಾದುಹೋದದ್ದರಿಂದ ನನಗೆ ಕಂಡ ಲೆಕ್ಕ ಸ್ವಲ್ಪ ಬೇರೆ.

ತಪ್ಪು ಕಲ್ಪನೆ: ಲಾಕ್‌ಡೌನ್‌ನಲ್ಲಿ ವೈಟ್‌ಫೀಲ್ಡ್ ಮನೆಯಿಂದ ಕೆಲಸ ಮಾಡಿತು.

ವಾಸ್ತವ: ವೈಟ್‌ಫೀಲ್ಡ್ ಎಂದರೆ ಯಾರು ಅನ್ನುವುದರ ಮೇಲೆ ಹೋಗುತ್ತದೆ. ಮನೆಯಿಂದ ಕೆಲಸ ಮಾಡಿದ್ದು ಕಂಪ್ಯೂಟರ್ ಮುಂದೆ ಕೂರುವವರು. ಅವರನ್ನು ಬೆಳಗ್ಗೆ ಕರೆತರುತ್ತಿದ್ದ ಕ್ಯಾಬಿನವರು, ಕ್ಯಾಂಟೀನಿನಲ್ಲಿ ದೋಸೆ ಹಾಕುತ್ತಿದ್ದವರು, ನೆಲ ಒರೆಸುತ್ತಿದ್ದವರು, ಪಿ.ಜಿ.ಗಳಲ್ಲಿ ನೂರು ಜನಕ್ಕೆ ಅನ್ನ ಬೇಯಿಸುತ್ತಿದ್ದವರು, ಐಟಿಪಿಎಲ್ ಎದುರು ಎಳನೀರು ಕೊಚ್ಚುತ್ತಿದ್ದವರು, ಇವರಲ್ಲಿ ಯಾರ ಕೆಲಸವನ್ನೂ ಮನೆಗೆ ಒಯ್ಯುವ ಹಾಗಿರಲಿಲ್ಲ. ಸೆಕ್ಯುರಿಟಿಯವರದ್ದು ಇನ್ನೂ ವಿಚಿತ್ರ. ಕಟ್ಟಡ ಖಾಲಿ, ಆದರೆ ಕಾಯಲೇಬೇಕು. ಬಿಎಂಟಿಸಿ ಬಸ್ಸು ಮತ್ತೆ ರಸ್ತೆಗಿಳಿದದ್ದು ಮೇ 19ಕ್ಕೆ. ಅಲ್ಲಿಯ ತನಕ ನಮ್ಮಲ್ಲಿ ಇಬ್ಬರು ಬೇಸ್‌ಮೆಂಟಿನಲ್ಲೇ ಚಾಪೆ ಹಾಸಿ ಮಲಗಿದರು.

ನಮ್ಮ ಬೀದಿಯ ಕ್ಯಾಬ್ ಡ್ರೈವರ್ ಒಬ್ಬರು ಮೇ ತಿಂಗಳಲ್ಲಿ ಮನೆ ಬಾಗಿಲಿಗೆ ಬಂದು, "ಅಕ್ಕಾ, ಸರ್ಕಾರ ಐದು ಸಾವಿರ ಕೊಡ್ತದಂತೆ, ಒಂಚೂರು ತುಂಬಿಸಿಕೊಡಿ" ಅಂದರು. ಮೇ 6ರಂದು ಘೋಷಣೆಯಾದ 1,610 ಕೋಟಿ ರೂಪಾಯಿಯ ಪರಿಹಾರದಲ್ಲಿ 7.75 ಲಕ್ಷ ಆಟೋ, ಟ್ಯಾಕ್ಸಿ ಚಾಲಕರಿಗೆ, 2.30 ಲಕ್ಷ ಕ್ಷೌರಿಕರಿಗೆ, 60 ಸಾವಿರ ಅಗಸರಿಗೆ ತಲಾ 5,000 ರೂಪಾಯಿ ಎಂದಿತ್ತು. ಸೇವಾಸಿಂಧು ಪೋರ್ಟಲ್ ತೆರೆದು ಕೂತೆವು. ಡಿಎಲ್ ನಂಬರ್ ಹಾಕಿದೆವು, ಬ್ಯಾಡ್ಜ್ ನಂಬರ್ ಹಾಕಿದೆವು, ಚಕ್ರ ತಿರುಗುತ್ತಲೇ ಇತ್ತು. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಯಾವುದು ಅಂದರೆ ಅವರಿಗೆ ನೆನಪಿಲ್ಲ, ಒಟಿಪಿ ಬರುವ ಮೊಬೈಲ್ ನಂಬರ್ ಹಳೇದು. ಮೂರು ದಿನ ಹಿಡಿಯಿತು. ದುಡ್ಡು ಬಂತು, ಬಂದದ್ದು ಒಂದೇ ಸಲ. ಅವರ ಗಾಡಿ ಸಾಲದ ಕಂತು ಮಾತ್ರ ತಿಂಗಳು ತಿಂಗಳೂ ಬರುವಂಥದ್ದು.

ಇಎಸ್‌ಐ ಕಾರ್ಡ್ ಇದ್ದವರಿಗೆ, ಅಂದರೆ ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ, ಇನ್ನೊಂದು ಬಾಗಿಲಿತ್ತು. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ, ಆ ಕಾಲದಲ್ಲಿ ಕೆಲಸ ಕಳೆದುಕೊಂಡವರಿಗೆ ಸರಾಸರಿ ದಿನಗೂಲಿಯ ಅರ್ಧದಂತೆ 90 ದಿನದವರೆಗೆ ಭತ್ಯೆ. ಮೊದಲು ಕಾಲು ಭಾಗ ಇದ್ದದ್ದನ್ನು 2020ರಲ್ಲಿ ಅರ್ಧಕ್ಕೆ ಏರಿಸಿದ್ದರು. ಹೌಸ್‌ಕೀಪಿಂಗ್ ಹೆಂಗಸರ ಸಂಬಳದಿಂದ ವರ್ಷಗಟ್ಟಲೆ ಇಎಸ್‌ಐ ಮುರಿದುಕೊಂಡಿದ್ದ ಗುತ್ತಿಗೆದಾರರಲ್ಲಿ ಎಷ್ಟು ಜನ ಇದನ್ನು ಅವರ ಕಿವಿಗೆ ಹಾಕಿದರೋ ಕಾಣೆ. ನನ್ನನ್ನು ಕೇಳಿಕೊಂಡು ಬಂದದ್ದು ಒಬ್ಬಾಕೆ.

ಪೀಣ್ಯ ಕೈಗಾರಿಕಾ ಪ್ರದೇಶದ ಕತೆಯೂ ಇದೇ ಕಾಲದ್ದು. ಲೇತು, ಪ್ರೆಸ್ಸು, ಪೇಂಟ್ ಬೂತನ್ನು ಯಾರ ಮನೆಗೆ ಒಯ್ಯುವುದು? ಅಲ್ಲಿಯ ಕೆಲಸಗಾರರಿಗೆ ಹೊಂದಾಣಿಕೆ ಎಂಬುದು ಬೇರೆ ರೂಪದಲ್ಲಿ ಬಂತು. ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಿಕೊಳ್ಳಬಹುದು ಎಂದು ಮೇ 22ಕ್ಕೆ ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿತು. ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನ್ 11ಕ್ಕೆ ವಾಪಸ್ ತೆಗೆದುಕೊಂಡಿತು. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಬಿಇಎಲ್‌ನವರು ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 30,000 ವೆಂಟಿಲೇಟರ್ ತಯಾರಿಸುವ ಕೆಲಸಕ್ಕೆ ಇಳಿದದ್ದೂ ಇದೇ ತಿಂಗಳುಗಳಲ್ಲಿ. ಯಾರ ಮನೆಯ ಊಟದ ಮೇಜಿನ ಮೇಲೂ ಆಗುವ ಕೆಲಸವಲ್ಲ ಅದು.

ತಪ್ಪು ಕಲ್ಪನೆ: ಕೂಲಿಯವರು ರೋಗಕ್ಕೆ ಹೆದರಿ ಓಡಿದರು. ಸ್ವಲ್ಪ ತಾಳ್ಮೆ ಇದ್ದಿದ್ದರೆ ಇಲ್ಲೇ ಎಲ್ಲ ಸರಿಹೋಗುತ್ತಿತ್ತು.

ವಾಸ್ತವ: ಅವರ ಲೆಕ್ಕ ನಮ್ಮೆಲ್ಲರ ಲೆಕ್ಕಕ್ಕಿಂತ ಚೊಕ್ಕವಾಗಿತ್ತು. ಚನ್ನಸಂದ್ರ, ನಾಗೊಂಡನಹಳ್ಳಿ, ತೂಬರಹಳ್ಳಿ, ಎಲ್ಲಿ ನೋಡಿದರೂ ಅರ್ಧ ಎದ್ದ ಅಪಾರ್ಟ್‌ಮೆಂಟು, ಅದರ ಬುಡದಲ್ಲಿ ತಗಡಿನ ಶೆಡ್ಡು. ಕೆಲಸ ನಿಂತ ವಾರವೇ ಬಟವಾಡೆ ನಿಂತಿತು. ಸರ್ಕಾರ ತಲೆಗೆ 5 ಕಿಲೋ ಧಾನ್ಯ ಪುಕ್ಕಟೆ ಕೊಡುತ್ತಿತ್ತು ನಿಜ, ಆದರೆ ರೇಷನ್ ಕಾರ್ಡಿನ ಮೇಲೆ. ಒಂದು ದೇಶ ಒಂದು ರೇಷನ್ ಕಾರ್ಡ್ ಯೋಜನೆಗೆ ಕರ್ನಾಟಕ 2020ರ ಜನವರಿಯಲ್ಲೇ ಸೇರಿತ್ತು. ಬಿಹಾರ, ಉತ್ತರ ಪ್ರದೇಶ ಸೇರಿದ್ದು ಮೇ ತಿಂಗಳಲ್ಲಿ. ಪಶ್ಚಿಮ ಬಂಗಾಳ ಸೇರಿದ್ದು 2021ರಲ್ಲಿ. ಮಾಲ್ದಾ, ಮುರ್ಷಿದಾಬಾದಿನ ಕಾರ್ಡು ಮೊದಲ ಅಲೆಯಲ್ಲಿ ಕಾಡುಗೋಡಿಯ ನ್ಯಾಯಬೆಲೆ ಅಂಗಡಿಯಲ್ಲಿ ಬರೀ ಗಟ್ಟಿ ಕಾಗದ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ ಮೊದಲು 2,000, ಆಮೇಲೆ 3,000 ರೂಪಾಯಿ ಬಂತು. ಅದು ನೋಂದಣಿಯಾದವರಿಗೆ. ಇವತ್ತು ಇಲ್ಲಿ, ನಾಳೆ ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ಅನ್ನುವವರಿಗೆ ನೋಂದಣಿ ಮಾಡಿಸುವವರು ಯಾರು?

ಹೊರಟದ್ದು ಹೊರರಾಜ್ಯದವರಷ್ಟೇ ಅಲ್ಲ. ನಮ್ಮ ಲೇಔಟಿನ ಗಾರೆ ಕೆಲಸದವರು ಯಾದಗಿರಿಯವರು. "ಇರಿ, ಹದಿನೈದು ದಿನಕ್ಕೆ ಕೆಲಸ ಶುರುವಾಗತ್ತೆ" ಅಂತ ನಾನೇ ಬುದ್ಧಿ ಹೇಳಲು ಹೋಗಿದ್ದೆ. ಕೂಸನ್ನು ಸೊಂಟದಲ್ಲಿಟ್ಟುಕೊಂಡು ಪಾತ್ರೆ ಕಟ್ಟುತ್ತಿದ್ದಾಕೆ ತಿರುಗಿ, "ಊರಾಗ ಜ್ವಾಳ ಅದಾವ, ಮಳಿಗಾಲಕ್ಕ ಹೊಲ ಅದ. ಇಲ್ಲಿ ಏನದರಿ ಅಕ್ಕಾ, ಈ ತಗಡಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೈದು ದಿನ ಅನ್ನುವುದು ನಾನು ಎಲ್ಲೋ ಕೇಳಿ ಆಡಿದ ಮಾತು. ಅವಳದ್ದು ಕಣಜ ನೋಡಿ ಆಡಿದ್ದು.

ರೈಲಿನ ಪ್ರಕರಣ ನೆನಪಿರಬೇಕು. ರಾಜ್ಯದಿಂದ ವಲಸೆ ಕಾರ್ಮಿಕರ ಶ್ರಮಿಕ ರೈಲು ಹೊರಡತೊಡಗಿದ್ದು ಮೇ 3ಕ್ಕೆ. ಮೇ 5ಕ್ಕೆ ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅಂದೇ, ಮರುದಿನದಿಂದ ರೈಲು ಬೇಡ ಎಂದು ರೈಲ್ವೆಗೆ ಸರ್ಕಾರದ ಪತ್ರ ಹೋಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡೇ ದಿನದಲ್ಲಿ ಮತ್ತೆ ರೈಲು ಬೇಕು ಎಂಬ ಪತ್ರ. ನಿರ್ಮಾಣ ಕೆಲಸ ಶುರುವಾಗುತ್ತದೆ, ಇಲ್ಲೇ ಇರಿ ಅನ್ನುವುದು ಸರ್ಕಾರದ ವಾದ. ಕೆಲಸ ಶುರುವಾಗುವುದೂ ಸಂಬಳ ಕೈಗೆ ಬರುವುದೂ ಒಂದೇ ಅಲ್ಲ ಅಂತ ಬಟವಾಡೆ ಮೇಲೆ ಬದುಕುವವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಎರಡು ದಿನ ನಿಂತು ಮತ್ತೆ ಹೊರಟ ರೈಲನ್ನು ನೋಡಿದ ಮೇಲಂತೂ, ಸಿಕ್ಕಿದ ಮೊದಲ ಗಾಡಿ ಹತ್ತುವುದೇ ಜಾಣತನ ಅಂತ ಇನ್ನಷ್ಟು ಜನರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ತಪ್ಪು ಕಲ್ಪನೆ: ರಿಸರ್ವ್ ಬ್ಯಾಂಕು ಆರು ತಿಂಗಳು ಕಂತು ಮನ್ನಾ ಮಾಡಿತ್ತು.

ವಾಸ್ತವ: ಮನ್ನಾ ಅಲ್ಲ, ಮುಂದೂಡಿಕೆ. 2020ರ ಮಾರ್ಚ್ 27ಕ್ಕೆ ಮೂರು ತಿಂಗಳು ಅಂದರು, ಮೇ 22ಕ್ಕೆ ಇನ್ನೂ ಮೂರು ಸೇರಿಸಿ ಆಗಸ್ಟ್ 31ರ ತನಕ ಎಳೆದರು. ಅಷ್ಟೂ ದಿನ ಬಡ್ಡಿ ಓಡುತ್ತಲೇ ಇತ್ತು.

ನಮ್ಮ ತಂಡದ ಹುಡುಗನೊಬ್ಬ, "ಆರು ಕಂತು ಉಳೀತು ಮೇಡಂ" ಅಂತ ಖುಷಿಯಾಗಿ ದೊಡ್ಡ ಟಿ.ವಿ. ತಗೊಂಡ. ಸಂಬಳ ಅವನಿಗೆ ಒಂದು ತಿಂಗಳೂ ತಪ್ಪಿರಲಿಲ್ಲ. ಒಂದು ಲೆಕ್ಕ ಹಾಕಿ ತೋರಿಸಿದೆ, ಅದನ್ನೇ ಇಲ್ಲೂ ಹಾಕುತ್ತೇನೆ. ಗೃಹಸಾಲ 40 ಲಕ್ಷ ಬಾಕಿ ಇದೆ, ಬಡ್ಡಿ ಶೇ 8, ಇನ್ನು 15 ವರ್ಷ, ಅಂದರೆ 180 ಕಂತು. ಕಂತು ಸುಮಾರು 38,200 ರೂಪಾಯಿ. ಆರು ತಿಂಗಳು ಕಟ್ಟಲಿಲ್ಲ ಅಂದರೆ ಅಷ್ಟರಲ್ಲಿ ಬಡ್ಡಿ ಸೇರಿ ಅಸಲು 41.62 ಲಕ್ಷ ದಾಟುತ್ತದೆ. ಕಂತಿನ ಮೊತ್ತ ಅಷ್ಟೇ ಇಟ್ಟುಕೊಂಡರೆ ಆಮೇಲೆ ಕಟ್ಟಬೇಕಾದದ್ದು 180 ಅಲ್ಲ, 195. ಆರು ಬಿಟ್ಟದ್ದಕ್ಕೆ ಹದಿನೈದು ಹೆಚ್ಚಿಗೆ! ಸಾಲ ತೀರುವುದು 21 ತಿಂಗಳು ತಡ. ಹುಡುಗ ಕ್ಯಾಲ್ಕುಲೇಟರ್ ಕಿತ್ತುಕೊಂಡು ಎರಡು ಸಲ ಒತ್ತಿ ನೋಡಿದ.

"ಸುಪ್ರೀಂ ಕೋರ್ಟ್ ಬಡ್ಡಿ ಬಿಡಿಸಿತಲ್ಲ?" ಅನ್ನುವವರಿದ್ದಾರೆ. ಬಿಟ್ಟದ್ದು ಬಡ್ಡಿಯ ಮೇಲಿನ ಬಡ್ಡಿ. 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿ ಮತ್ತು ಸರಳಬಡ್ಡಿಯ ನಡುವಿನ ವ್ಯತ್ಯಾಸವನ್ನು 2020ರ ಕೊನೆಗೆ ಸರ್ಕಾರ ತುಂಬಿಕೊಟ್ಟಿತು. 2021ರ ಮಾರ್ಚ್‌ನಲ್ಲಿ ಕೋರ್ಟು ಯಾವ ಸಾಲಕ್ಕೂ ಆ ಅವಧಿಯ ಚಕ್ರಬಡ್ಡಿ ಬೇಡ ಎಂದಿತು, ಬಡ್ಡಿಯನ್ನೇ ಪೂರ್ತಿ ಬಿಡಿ ಎಂಬ ಬೇಡಿಕೆಯನ್ನು ಒಪ್ಪಲಿಲ್ಲ. ನಮ್ಮ 40 ಲಕ್ಷದ ಸಾಲಕ್ಕೆ ಆ ವ್ಯತ್ಯಾಸ 2,700 ರೂಪಾಯಿ ಆಸುಪಾಸು. ಟಿ.ವಿ.ಯ ಗೋಡೆ ಸ್ಟ್ಯಾಂಡಿಗೆ ಸರಿಹೋಗಬಹುದು.

ಹಾಗಂತ ಮುಂದೂಡಿಕೆಯೇ ಕೆಟ್ಟದ್ದೇನಲ್ಲ. ಆ ಕ್ಯಾಬ್ ಡ್ರೈವರಿಗೆ ಅದಿಲ್ಲದಿದ್ದರೆ ಗಾಡಿಯೇ ಇರುತ್ತಿರಲಿಲ್ಲ. ದುಡಿಮೆ ಇಲ್ಲದವರಿಗೆ ಅದು ಹಗ್ಗ. ಸಂಬಳ ಇದ್ದೂ ಹಿಡಿದವರಿಗೆ ದುಬಾರಿ ಹಗ್ಗ.

ತಪ್ಪು ಕಲ್ಪನೆ: ಲಾಕ್‌ಡೌನ್‌ನಲ್ಲಿ ಮನೆ ಬಾಡಿಗೆ ಕೊಡಬೇಕಾಗಿರಲಿಲ್ಲ.

ವಾಸ್ತವ: ಕೇಂದ್ರ ಗೃಹ ಸಚಿವಾಲಯದ ಮಾರ್ಚ್ 29ರ ಆದೇಶ, ವಲಸಿಗರೂ ಸೇರಿದಂತೆ ಕೂಲಿ ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬೇಡಿ ಎಂದಿತ್ತು. ಮೇ ಮಧ್ಯದ ಹೊತ್ತಿಗೆ ಅದೂ ಇರಲಿಲ್ಲ. ವಾಟ್ಸಾಪಿನಲ್ಲಿ ಅದು 'ಬಾಡಿಗೆ ಮನ್ನಾ' ಆಗಿ ಓಡಾಡಿತು. ಎರಡು ಬೆಡ್‌ರೂಮಿನವರು ಅದನ್ನು ಓನರಿಗೆ ಕಳಿಸಿದರು, ಓನರು ಅಡ್ವಾನ್ಸ್ ಹಿಡಿದುಕೊಂಡರು, ಆಮೇಲಿನದ್ದು ಜಗಳ.

ತಪ್ಪು ಕಲ್ಪನೆ: ಕಷ್ಟಕಾಲದಲ್ಲಿ ಏನಾದರೂ ಮಾಡಿ, ಪಿಎಫ್ ಮಾತ್ರ ಮುಟ್ಟಬೇಡಿ.

ವಾಸ್ತವ: ಇದನ್ನು ಊರೆಲ್ಲ ಸಾರಿದವಳು ನಾನೇ. 2020ರ ಮಾರ್ಚ್ 28ರ ತಿದ್ದುಪಡಿಯಂತೆ ಖಾತೆಯಲ್ಲಿರುವುದರ ಶೇ 75 ಅಥವಾ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಯಾವುದು ಕಡಿಮೆಯೋ ಅಷ್ಟನ್ನು ತೆಗೆಯಬಹುದಿತ್ತು. ತಿರುಗಿ ಕಟ್ಟಬೇಕಿರಲಿಲ್ಲ. 2021ರ ಮೇ ಕೊನೆಗೆ ಎರಡನೇ ಸಲವೂ ತೆಗೆಯಲು ಬಿಟ್ಟರು. ನಾನು ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದೆ: ಇವತ್ತಿನ 60,000 ಶೇ 8ರಲ್ಲಿ 25 ವರ್ಷಕ್ಕೆ 4 ಲಕ್ಷದ ಮೇಲಾಗುತ್ತದೆ, ಮುಟ್ಟಬೇಡಿ. ಲೆಕ್ಕ ಸರಿಯೇ ಇದೆ.

ನನ್ನ ಮಾತು ಕೇಳಿದವರಲ್ಲಿ ಆ ಗೇಟಿನ ಸೆಕ್ಯುರಿಟಿಯವರೂ ಒಬ್ಬರು. ಮನೆಯಲ್ಲಿ ತಾಯಿಗೆ ಕಾಯಿಲೆ, ಹೆಂಡತಿಯ ಗಾರ್ಮೆಂಟ್ಸ್ ಮುಚ್ಚಿತ್ತು. ಪಿಎಫ್ ಬಿಟ್ಟು ಅವರು ಕೈಸಾಲ ಮಾಡಿದರು, ಐದು ರೂಪಾಯಿ ಬಡ್ಡಿಗೆ. ನೂರಕ್ಕೆ ತಿಂಗಳಿಗೆ ಐದು, ಅಂದರೆ ವರ್ಷಕ್ಕೆ ಅರವತ್ತು. ಶೇ 8 ದುಡಿಯುವ ದುಡ್ಡನ್ನು ಕಾಪಾಡಲು ಶೇ 60ರ ಸಾಲ. ವರ್ಷದ ಮೇಲೆ, ಇನ್ನೊಂದು ಕಾಗದಕ್ಕೆ ಸಹಿ ಮಾಡಿಸಲು ಬಂದಾಗ, "ಆವತ್ತು ತೆಗೆದುಬಿಡಬೇಕಿತ್ತು ಮೇಡಂ" ಅಂದರು. ಬೈದಿದ್ದರೆ ಮೇಲಿತ್ತು. ನನಗೆ ಗೊತ್ತಿದ್ದದ್ದು 25 ವರ್ಷದ ಲೆಕ್ಕ. ಅವರಿಗೆ ಬೇಕಿದ್ದದ್ದು 25 ದಿನದ್ದು.

ಕಂಪನಿಯ ಗುಂಪು ವಿಮೆ ಇದೆ, ಇನ್ನೇನು ಬೇಕು ಅನ್ನುವ ಧೈರ್ಯವೂ ಹೀಗೇ ಬೇಕಾದ ದಿನಕ್ಕೆ ಒದಗದ ಲೆಕ್ಕ. ಕೆಲಸ ಹೋದ ದಿನವೇ ಆ ಕಾರ್ಡು ಹೋಗುತ್ತದೆ, ಬೇಕಾಗುವುದು ಅವತ್ತಿನಿಂದಲೇ. 2020ರ ಜುಲೈನಲ್ಲಿ ಕೊರೋನಾ ಕವಚ್ ಪಾಲಿಸಿ ಬಂದಾಗ ಮೂರೂವರೆ ತಿಂಗಳಿಗೆ ಮಾಡಿಸಿದವರೇ ನಮ್ಮಲ್ಲಿ ಹೆಚ್ಚು. ಆರೂವರೆ, ಒಂಬತ್ತೂವರೆ ತಿಂಗಳಿನದ್ದೂ ಇತ್ತು. ಕಡಿಮೆ ಪ್ರೀಮಿಯಂ, ಅಷ್ಟರಲ್ಲಿ ರೋಗ ಹೋಗಿರುತ್ತದೆ ಅನ್ನುವ ನಂಬಿಕೆ. ಎರಡನೇ ಅಲೆ ಬಂದದ್ದು 2021ರ ಏಪ್ರಿಲ್‌ನಲ್ಲಿ.

ತಪ್ಪು ಕಲ್ಪನೆ: ಇನ್ನು ಆಫೀಸಿನ ಕಾಲ ಮುಗಿಯಿತು, ಎಲ್ಲಿ ಬೇಕಾದರೂ ಕೂತು ಕೆಲಸ ಮಾಡಬಹುದು.

ವಾಸ್ತವ: ಈ ನಂಬಿಕೆಯ ಮೇಲೆ ಜನ ಮನೆ ಕಟ್ಟಿದ್ದಾರೆ, ಮಾತಿಗಲ್ಲ. ನಂಬಲು ಕಾರಣವೂ ಇತ್ತು. 2025ರ ಹೊತ್ತಿಗೆ ಯಾವುದೇ ಸಮಯದಲ್ಲಿ ನಾಲ್ಕನೇ ಒಂದು ಭಾಗ ಜನ ಆಫೀಸಿನಲ್ಲಿದ್ದರೆ ಸಾಕು ಎಂದು 2020ರಲ್ಲಿ ಟಿಸಿಎಸ್ ಹೇಳಿತ್ತು. ಅದೇ ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದು ದಿನ ಬನ್ನಿ ಎಂದಿತು. ಕಂಪನಿ ಮಾತಿಗೆ ತಪ್ಪಿತು ಅಂತ ಬಯ್ಯುವ ಮೊದಲು ಕಾಗದ ನೋಡಬೇಕು. ಬಿಪಿಒಗಳು ಆಗ ದೂರಸಂಪರ್ಕ ಇಲಾಖೆಯ ನಿಯಮಗಳಿಗೆ ಒಳಪಟ್ಟಿದ್ದವು. ಮನೆಯಿಂದ ಕೆಲಸ ಮಾಡಿಸಲು ಬೇಕಿದ್ದ ಭದ್ರತಾ ಠೇವಣಿ ಇತ್ಯಾದಿಯನ್ನು ಇಲಾಖೆ ಸಡಿಲಿಸಿದ್ದು ಅದೇ 2020ರ ಮಾರ್ಚ್ 13ಕ್ಕೆ, ನಾನು ಗೇಟ್ ಪಾಸ್ ಬರೆದ ದಿನ. ಏಪ್ರಿಲ್ 30ರ ತನಕ ಅಂತ ಸ್ಪಷ್ಟವಾಗಿತ್ತು. ಆಮೇಲೆ ಜುಲೈ 31, ಆಮೇಲೆ ಡಿಸೆಂಬರ್ 31. ಆ ನವೆಂಬರ್‌ನಲ್ಲಿ ನಿಯಮಗಳನ್ನೇ ಬದಲಿಸಿದರು. ವಿಶೇಷ ಆರ್ಥಿಕ ವಲಯದ ಕಂಪನಿಗಳಿಗೆ 2022ರ ಜುಲೈನಲ್ಲಿ ಬಂದ ನಿಯಮ ಅರ್ಧದಷ್ಟು ಜನಕ್ಕೆ, ಒಂದು ವರ್ಷಕ್ಕೆ ಎಂದಿತು. ಡಿಸೆಂಬರ್‌ನಲ್ಲಿ ಎಲ್ಲರಿಗೂ ಅಂತ ತಿದ್ದಿ, 2023ರ ಡಿಸೆಂಬರ್ 31ರ ಗಡುವು ಇಟ್ಟರು. ಆ ನವೆಂಬರಿನದ್ದು ಬಿಟ್ಟರೆ ಪ್ರತಿ ಆದೇಶದ ಕೊನೆಯಲ್ಲೂ ಒಂದು ದಿನಾಂಕ ಇತ್ತು. ನಾವು ಕೇಳಿಸಿಕೊಂಡದ್ದು ಮಾತ್ರ 'ಇನ್ನು ಮುಂದೆ' ಅಂತ.

ಸಂಬಳದ್ದೂ ಹಾಗೇ. 2021-22ರಲ್ಲಿ ನಾನು ಮಾಡಿದಷ್ಟು ರಾಜೀನಾಮೆ ಲೆಕ್ಕ ಜನ್ಮದಲ್ಲಿ ಮಾಡಿರಲಿಲ್ಲ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಲ್ಲಿ ಬಿಟ್ಟುಹೋದವರ ಪ್ರಮಾಣ ಶೇ 28.4. ಕೈಯಲ್ಲಿ ಮೂರು ಆಫರ್ ಲೆಟರ್ ಹಿಡಿದ ಹುಡುಗರು, ಶೇ 7ಕ್ಕಿಂತ ಕೆಳಗಿದ್ದ ಗೃಹಸಾಲ, ಎರಡೂ ಸೇರಿ ವರ್ತೂರು ಕೋಡಿಯ ಆಚೆಗೆ ಫ್ಲಾಟು. ರೆಪೊ ದರ ಶೇ 4 ಇದ್ದದ್ದು 2022ರ ಮೇ ತಿಂಗಳಿಂದ ಏರತೊಡಗಿ 2023ರ ಫೆಬ್ರವರಿಗೆ 6.5 ಮುಟ್ಟಿತು. ಅತ್ತ 2023-24ರಲ್ಲಿ ಇನ್ಫೋಸಿಸ್‌ನ ನೌಕರರ ಸಂಖ್ಯೆ ಸುಮಾರು 26,000, ಟಿಸಿಎಸ್‌ನದ್ದು 13,000 ಕಡಿಮೆಯಾಯಿತು. ಸಾಲದ ದರ ಬದಲಾಗುವಂಥದ್ದು ಅಂತ ಕಾಗದದಲ್ಲೇ ಬರೆದಿತ್ತು. ಸಂಬಳದ ಪತ್ರದಲ್ಲಿ ಹಾಗೆ ಬರೆಯುವ ಪದ್ಧತಿ ಇಲ್ಲ, ಅಷ್ಟೇ ವ್ಯತ್ಯಾಸ.

ಹಾಸನಕ್ಕೆ, ಶಿವಮೊಗ್ಗಕ್ಕೆ ಮಕ್ಕಳ ಸ್ಕೂಲು ಬದಲಿಸಿದವರು ವಾಪಸ್ ಬಂದಾಗ ವೈಟ್‌ಫೀಲ್ಡಿನ ಬಾಡಿಗೆ ಅವರು ಬಿಟ್ಟುಹೋದ ಬಾಡಿಗೆ ಆಗಿರಲಿಲ್ಲ. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದ ತನಕ ಮೆಟ್ರೋ ಶುರುವಾಯಿತು, ಅಕ್ಟೋಬರ್‌ನಲ್ಲಿ ಊರಿಗೆಲ್ಲ ಜೋಡಣೆಯಾಯಿತು. ಒಂದು ಕಾಲಕ್ಕೆ 'ಟು-ಲೆಟ್' ಬೋರ್ಡು ಗಾಳಿಗೆ ಹರಿದುಹೋಗುವ ತನಕ ನೇತಾಡುತ್ತಿದ್ದ ಗಲ್ಲಿಗಳಲ್ಲಿ ಪಿ.ಜಿ. ಬಾಗಿಲ ಮುಂದೆ ಮತ್ತೆ ಚಪ್ಪಲಿ ರಾಶಿ.

ತಪ್ಪು ಕಲ್ಪನೆ: ಊರಿಗೆ ಹೋದವರೇ ಗೆದ್ದರು, ಖರ್ಚಿಲ್ಲದೆ ಹಾಯಾಗಿದ್ದರು.

ವಾಸ್ತವ: ಕೆಲವರು ಹೌದು. ತೋಟ ಇದ್ದವರು, ಅಮ್ಮನ ಕೈ ಗಟ್ಟಿಯಾಗಿದ್ದವರು. ನನ್ನ ಚಿಕ್ಕಮ್ಮನ ಮಗ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಕೂತು ಕೆಲಸ ಮಾಡಿದ. ಮಳೆ ಹಿಡಿದರೆ ಕರೆಂಟಿಲ್ಲ, ಕರೆಂಟಿದ್ದರೆ ಟವರಿಲ್ಲ. ಅಮೆರಿಕದವರ ಮೀಟಿಂಗಿಗೆ ರಾತ್ರಿ ಒಂಬತ್ತಕ್ಕೆ ಕೊಡೆ ಹಿಡಿದು ಗುಡ್ಡದ ನೆತ್ತಿಯ ಗೇರುಮರದ ಕೆಳಗೆ. ಜಿಗಣೆ ಕಿತ್ತುಕೊಳ್ಳುತ್ತಲೇ "ಯಸ್, ಐ ಆಮ್ ಆಡಿಬಲ್" ಅಂದದ್ದನ್ನು ಅವನು ಈಗಲೂ ನಟಿಸಿ ತೋರಿಸುತ್ತಾನೆ. ಬಯಲುಸೀಮೆಗೆ ಹೋದವರ ಕತೆಯಲ್ಲಿ ನಗು ಕಡಿಮೆ. ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ಕರ್ನಾಟಕದ ದಿನಗೂಲಿ 275 ರೂಪಾಯಿ. ಡಿಗ್ರಿ ಮುಗಿಸಿದವರೂ ಜಾಬ್ ಕಾರ್ಡ್ ಮಾಡಿಸಿ ಬದು ಕಡಿದರು. ತಿಂಗಳಿಗೆ ಮೂವತ್ತು ಸಾವಿರ ಕಳಿಸುತ್ತಿದ್ದ ಮಗ ಮನೆಗೆ ಬಂದು ಕೂತರೆ ಉಳಿತಾಯ ಎಲ್ಲಿಂದ ಬಂತು? ಊರಿನ ಮನೆ ಆವರೆಗೆ ನಡೆಯುತ್ತಿದ್ದದ್ದೇ ಅವನ ದುಡ್ಡಲ್ಲಿ.

ತಪ್ಪು ಕಲ್ಪನೆ: ಇಂಥದ್ದು ನೂರು ವರ್ಷಕ್ಕೊಮ್ಮೆ. ಒಂದು ಸಲ ಒಗ್ಗಿಕೊಂಡರೆ ಮುಗಿಯಿತು.

ವಾಸ್ತವ: ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟ್‌ನಲ್ಲಿ. ಆಗಲೂ ಜನ ಪೇಟೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿದರು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಭಯದಿಂದ. ಅಲ್ಲಲ್ಲಿ ಪ್ಲೇಗಮ್ಮನ ಗುಡಿಗಳೂ ಎದ್ದವು. 2020ರ ಮಾರ್ಚ್ 11ಕ್ಕೆ ರಾಜ್ಯ ಸರ್ಕಾರ ಕೊರೋನಾ ನಿಯಮ ಹೊರಡಿಸಿದ್ದು, ಪ್ಲೇಗಿನ ಕಾಲದಲ್ಲಿ ಬ್ರಿಟಿಷರು ಮಾಡಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿಯಲ್ಲೇ. ಲೆಕ್ಕ ತಪ್ಪುವುದೂ ಹೊಸದಲ್ಲ, ವೈಟ್‌ಫೀಲ್ಡ್ ಹುಟ್ಟಿದ್ದೇ ಬೇರೆ ಲೆಕ್ಕಾಚಾರದಲ್ಲಿ. 1882ರಲ್ಲಿ ಮೈಸೂರು ಮಹಾರಾಜರಿಂದ 3,900 ಎಕರೆ ಪಡೆದು ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿಕೊಂಡು ಇರಲಿ ಎಂದು ಕಟ್ಟಿದ ವಸಾಹತು ಇದು. ಬೇಸಾಯ ಅಂದುಕೊಂಡ ಹಾಗೆ ಹತ್ತಲಿಲ್ಲ. ಇನ್ನರ್ ಸರ್ಕಲ್ಲಿನ ಹಳೇ ಬಂಗಲೆಗಳ ಪಕ್ಕ ನಡೆಯುವಾಗ ನನಗೆ ಅದೇ ನೆನಪು.

ಮತ್ತೆ ನೂರು ವರ್ಷ ಯಾರೂ ಕಾಯಬೇಕಾಗಲಿಲ್ಲ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರ ವರ್ತುಲ ರಸ್ತೆ, ಯಮಲೂರು, ಸರ್ಜಾಪುರ ರಸ್ತೆ ಮುಳುಗಿ ಇಂಜಿನಿಯರುಗಳು ಟ್ರ್ಯಾಕ್ಟರ್ ಹತ್ತಿದರು. ಆಗ ಮನೆಯಿಂದ ಕೆಲಸ ಮಾಡುವ ಅಭ್ಯಾಸ ಕೈಹಿಡಿಯಿತು, ಒಂದೇ ಮೇಲ್‌ನಲ್ಲಿ ಎಲ್ಲ ಸಲೀಸು. ಮದ್ದು ಸಿಕ್ಕಿತು ಅಂದುಕೊಂಡೆವು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ಲುಗಳು ಬತ್ತಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿಸಿದ್ದ 110 ಹಳ್ಳಿಗಳ ಕಡೆಗೆ ನೀರು ಹರಿದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಮಾರ್ಚ್‌ನಲ್ಲಿ ಮಹದೇವಪುರದ ಕಡೆಯ ಅಪಾರ್ಟ್‌ಮೆಂಟುಗಳಿಗೆ ಟ್ಯಾಂಕರೇ ದೇವರು. ಆಗಲೂ ಮೊದಲು ಎದ್ದ ಕೂಗು, ವರ್ಕ್ ಫ್ರಮ್ ಹೋಮ್ ಕೊಡಿ. ನಾನೂ ಮೇಲಿನವರಿಗೆ ಹಾಗೇ ಶಿಫಾರಸು ಬರೆಯುತ್ತಾ ಕೂತಿದ್ದೆ. ಬೆಳಗ್ಗೆ ಏಳೂವರೆ ಇರಬೇಕು, ಫ್ಲೋರಿಗೆ ಇನ್ನೂ ಯಾರೂ ಬಂದಿರಲಿಲ್ಲ. ನಮ್ಮ ತಂಡದ ಹುಡುಗಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು, ಕೆಳಗಿನ ಜಿಮ್ಮಿನ ಕಡೆಯಿಂದ ಬಂದಳು. ನನ್ನ ಪರದೆಯ ಮೇಲಿದ್ದದ್ದನ್ನು ಓದಿದಳು.

"ಅದು ಮಾತ್ರ ಕಳಿಸಬೇಡಿ ಮೇಡಂ" ಅಂದಳು. "ಮನೇಲಿ ನೀರಿಲ್ಲ. ಇಲ್ಲಿ ಬರ್ತಿದೆ."